ಬಿದ್ದ ಗಾಡಿ ಎತ್ತುವವರು ಯಾರು?

ಮೊದಲ ಡರ್ಟ್ ಬೈಕ್ ಕೊಳ್ಳಬೇಕೆಂದು ಹೊರಟ ಹುಡುಗ ರೋಣದವನಿರಲಿ, ನರಗುಂದದವನಿರಲಿ, ಗಜೇಂದ್ರಗಡದವನಿರಲಿ, ಮೊದಲು ಕೇಳುವ ಮಾತು ಒಂದೇ: ‘ಎಷ್ಟು ಸಿಸಿ ತಗೊಳ್ಳಲಿ?’ ಗೆಳೆಯರ ಉತ್ತರವೂ ಸಿಸಿಯಲ್ಲೇ ಬರುತ್ತದೆ. ನೂರೈವತ್ತು ಸಾಲದು, ಇನ್ನೂರು ಪರವಾಗಿಲ್ಲ, ತಗೊಂಡರೆ ನಾನೂರೇ ತಗೋ. ಹೊಸಬರ ಮಟ್ಟಿಗೆ ಈ ಪ್ರಶ್ನೆ ಕೊನೆಗೆ ಬರಬೇಕಾದದ್ದು ಎಂಬುದು ನನ್ನ ವಾದ. ಅದಕ್ಕಿಂತ ಮುಂಚೆ ತೂಕ ಕೇಳಬೇಕು, ಸೀಟಿನ ಎತ್ತರ ಕೇಳಬೇಕು, ಯಾವ ಮಣ್ಣಿನಲ್ಲಿ ಓಡಿಸುತ್ತೇವೆ ಎಂದು ಕೇಳಿಕೊಳ್ಳಬೇಕು, ಕೆಟ್ಟರೆ ರಿಪೇರಿ ಎಲ್ಲಿ ಎಂದು ವಿಚಾರಿಸಬೇಕು. ಎಲ್ಲಕ್ಕೂ ಮೊದಲು ಒಂದು ಮಾತು. ಹೊಲದ ನಡುವೆ, ಕೂಗಿದರೂ ಕೇಳದಷ್ಟು ದೂರದಲ್ಲಿ ಗಾಡಿ ಮಲಗಿಕೊಂಡರೆ ಅದನ್ನು ಎತ್ತುವವರು ಯಾರು? ಡಾಂಬರಿಲ್ಲದ ನೆಲದಲ್ಲಿ ಕಲಿಯುವವರು ಬೀಳುತ್ತಾರೆ. ಬೀಳದೆ ಕಲಿತವರಿಲ್ಲ. ಆದ್ದರಿಂದ ಆಯ್ಕೆ ಅಲ್ಲಿಂದಲೇ ಶುರುವಾಗಬೇಕು.

ಗದಗ ಜಿಲ್ಲೆಯ ಈ ಮೂರು ತಾಲ್ಲೂಕುಗಳಲ್ಲಿ ಡರ್ಟ್ ಬೈಕಿನ ಮಾತನ್ನು ಶ್ರೀಮಂತ ಮಕ್ಕಳ ಶೋಕಿ ಎಂದು ತಳ್ಳಿಹಾಕುವ ಹಿರಿಯರಿದ್ದಾರೆ. ಅವರಿಗೆ ಒಂದು ವಿಷಯ ನೆನಪು ಮಾಡಿಕೊಡಬೇಕು. ಇಲ್ಲಿ ಗಾಡಿ ಓಡಿಸುವ ಬಹುತೇಕ ಜನ ದಿನವೂ ಮಣ್ಣಿನ ಮೇಲೆಯೇ ಓಡಿಸುವವರು. ಹಾಲಿನ ಕ್ಯಾನು ಕಟ್ಟಿಕೊಂಡು, ಮೇವಿನ ಹೊರೆ ಹೇರಿಕೊಂಡು, ಗೊಬ್ಬರದ ಚೀಲದ ಮೇಲೆ ಮಗನನ್ನು ಕೂರಿಸಿಕೊಂಡು ಚಕ್ಕಡಿ ದಾರಿಯಲ್ಲಿ ಎಕ್ಸೆಲ್ ಮೊಪೆಡ್ ಓಡಿಸುವ ರೈತನಷ್ಟು ಕಷ್ಟದ ನೆಲದಲ್ಲಿ ಪೇಟೆಯ ಕ್ಲಬ್ಬಿನವರು ಓಡಿಸುವುದಿಲ್ಲ. ಆದರೆ ಈ ವಿದ್ಯೆಯನ್ನು ಅವನಿಗೆ ಯಾರೂ ಕಲಿಸಿಲ್ಲ. ಸಡಿಲ ಗರಸಿನ ಮೇಲೆ ಮುಂದಿನ ಬ್ರೇಕು ಹೇಗೆ ಹಿಡಿಯಬೇಕು, ಮರಳಿನಲ್ಲಿ ಹ್ಯಾಂಡಲ್ ಅಲುಗಾಡಿದರೆ ಏನು ಮಾಡಬೇಕು, ಇಳಿಜಾರಿನಲ್ಲಿ ಯಾವ ಗೇರಿನಲ್ಲಿ ಇಳಿಯಬೇಕು, ಇದೆಲ್ಲ ಮೊಣಕಾಲು ಕಿತ್ತಿಕೊಂಡು ಗೊತ್ತಾಗುವ ಸಂಗತಿಗಳಾಗಿಯೇ ಉಳಿದಿವೆ. ಒಂದು ಹಗುರ ಡರ್ಟ್ ಬೈಕಿನ ಮೇಲೆ ಇವನ್ನು ಕ್ರಮವಾಗಿ ಕಲಿತವನು ನಾಳೆ ಎಕ್ಸೆಲ್ ಓಡಿಸುವಾಗಲೂ ಕಡಿಮೆ ಬೀಳುತ್ತಾನೆ. ಈ ಕ್ರೀಡೆಯ ಬಗ್ಗೆ ನನಗಿರುವ ಗೌರವದ ಮೂಲ ಅದು.

ಡರ್ಟ್ ಬೈಕ್ ಎಂಬ ಒಂದೇ ಹೆಸರಿನಡಿ ಬೇರೆ ಬೇರೆ ಜಾತಿಯ ಗಾಡಿಗಳಿವೆ. ಮೋಟೊಕ್ರಾಸ್ ಗಾಡಿ ಪಂದ್ಯಕ್ಕೆಂದೇ ಹುಟ್ಟಿದ್ದು. ಅದಕ್ಕೆ ದೀಪವಿಲ್ಲ, ಹಾರ್ನ್ ಇಲ್ಲ, ನಂಬರ್ ಪ್ಲೇಟ್ ಇಲ್ಲ. ಆರ್‌ಟಿಓದಲ್ಲಿ ನೋಂದಣಿಯೂ ಆಗುವುದಿಲ್ಲ. ಕವಾಸಕಿಯ ಕೆಎಕ್ಸ್ 250, ಕೆಎಕ್ಸ್ 450 ಈ ಸಾಲಿಗೆ ಸೇರುತ್ತವೆ. ಅದೇ ಕಂಪನಿಯ ಕೆಎಲ್ಎಕ್ಸ್ 110, ಕೆಎಲ್ಎಕ್ಸ್ 140 ಪಂದ್ಯದ ಉಗ್ರತೆ ಇಲ್ಲದ ಕಲಿಕೆಯ ಗಾಡಿಗಳು. ಆದರೆ ಇವೂ ರಸ್ತೆಗೆ ಬರುವಂತಿಲ್ಲ. ಇನ್ನುಳಿದದ್ದು ರಸ್ತೆಯಲ್ಲೂ ಮಣ್ಣಿನಲ್ಲೂ ಓಡುವ, ನೋಂದಣಿಯಾಗುವ ಗಾಡಿಗಳು. 2011ರಲ್ಲಿ ಹೀರೋ ಕಂಪನಿ ಇಂಪಲ್ಸ್ ಎಂಬ 150 ಸಿಸಿಯ ಗಾಡಿ ತಂದಿತು. ಕಾಲಕ್ಕಿಂತ ಮುಂಚೆ ಬಂದ ಅದು ಕೆಲವೇ ವರ್ಷಗಳಲ್ಲಿ ನಿಂತುಹೋಯಿತು. 2019ರಲ್ಲಿ ಅದೇ ಕಂಪನಿಯ ಎಕ್ಸ್‌ಪಲ್ಸ್ 200 ಒಂದು ಲಕ್ಷಕ್ಕೂ ಕಡಿಮೆ ಷೋರೂಮ್ ಬೆಲೆಗೆ ಬಂದಾಗ, ಮುಂದೆ 21 ಇಂಚು, ಹಿಂದೆ 18 ಇಂಚಿನ ಗಾಲಿಯ ನಿಜವಾದ ಮಣ್ಣಿನ ಗಾಡಿ ಮೊದಲ ಸಲ ಸಾಮಾನ್ಯ ಮನೆಗಳ ಕೈಗೆಟುಕಿತು. 2024ರ ಕೊನೆಯಲ್ಲಿ ಕವಾಸಕಿಯ ಕೆಎಲ್ಎಕ್ಸ್ 230, 2025ರಲ್ಲಿ ಎಕ್ಸ್‌ಪಲ್ಸ್ 210 ಮತ್ತು ಕೆಟಿಎಂ 390 ಎಂಡ್ಯೂರೋ ಸೇರಿಕೊಂಡವು. ಕೊಳ್ಳುವವರ ಮುಂದೆ ಹಿಂದೆಂದೂ ಇಲ್ಲದಷ್ಟು ಆಯ್ಕೆಗಳಿವೆ. ಗೊಂದಲವೂ ಅಷ್ಟೇ ಬೆಳೆದಿದೆ.

ತೂಕದ ಲೆಕ್ಕ ನೋಡೋಣ. ಸ್ಪ್ಲೆಂಡರ್ ಪ್ಲಸ್ 112 ಕಿಲೋ. ಕೆಎಲ್ಎಕ್ಸ್ 230 ಸುಮಾರು 139. ಎಕ್ಸ್‌ಪಲ್ಸ್ 200 ಫೋರ್ ವಾಲ್ವ್ 160ರ ಹತ್ತಿರ. ಎಕ್ಸ್‌ಪಲ್ಸ್ 210 ಸುಮಾರು 170. ಹೊಸ ಹಿಮಾಲಯನ್ 196. ಡಾಂಬರಿನ ಮೇಲೆ ಈ ಅಂತರ ಅಷ್ಟಾಗಿ ತಿಳಿಯುವುದಿಲ್ಲ. ಓಡುತ್ತಿರುವ ಗಾಡಿಯ ಭಾರವನ್ನು ಗಾಲಿಗಳೇ ಹೊರುತ್ತವೆ. ಮಣ್ಣಿನಲ್ಲಿ ಹಾಗಲ್ಲ. ಅಲ್ಲಿ ವೇಗ ಕಡಿಮೆ, ಗಾಡಿ ನಿಮಿಷಕ್ಕೊಮ್ಮೆ ಎಡಕ್ಕೋ ಬಲಕ್ಕೋ ವಾಲುತ್ತದೆ. ವಾಲಿದ್ದನ್ನು ಹಿಡಿದು ನಿಲ್ಲಿಸಬೇಕಾದದ್ದು ಓಡಿಸುವವನ ತೊಡೆ, ಸೊಂಟ. ನೂರೈವತ್ತು ಕಿಲೋ ದಾಟಿದ ಗಾಡಿ ಒಂದು ಹಂತಕ್ಕಿಂತ ಹೆಚ್ಚು ವಾಲಿದರೆ ಹೊಸಬರ ಕಾಲು ತಡೆಯುವುದಿಲ್ಲ. ಆಗ ಗಾಡಿಯನ್ನು ಬಿಟ್ಟುಬಿಡಬೇಕು. ಹೊಸ ಗಾಡಿ, ಸಾಲದ ಕಂತು ಇನ್ನೂ ಬಾಕಿ ಎಂದು ಬಿಡದೆ ಹಿಡಿದುಕೊಂಡವರ ಕಾಲೇ ಅಡಿಯಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ.

ಬಿದ್ದ ಗಾಡಿ ಎತ್ತುವುದಕ್ಕೆ ಒಂದು ಕ್ರಮವಿದೆ. ಇಂಜಿನ್ ಬಂದ್ ಮಾಡಿ, ಗಾಲಿ ಉರುಳದಂತೆ ಗೇರಿನಲ್ಲಿಟ್ಟು, ಹ್ಯಾಂಡಲ್ಲನ್ನು ಒಂದು ಬದಿಗೆ ಪೂರ್ತಿ ತಿರುಗಿಸಿ, ಬೆನ್ನು ಬಾಗಿಸದೆ ಕಾಲಿನ ಬಲದಿಂದ ಮೇಲಕ್ಕೆ ತಳ್ಳಬೇಕು. ಹಾಗೆ ಮಾಡಿದರೆ ಪೂರ್ತಿ ತೂಕ ಕೈಗೆ ಬರುವುದಿಲ್ಲ, ನಿಜ. ಆದರೆ ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಸಾಲಾಗಿ ನಾಲ್ಕನೆಯ ಸಲ ಎತ್ತುವ ಹೊತ್ತಿಗೆ ಕ್ರಮ ಮರೆತು ಬರೀ ದಣಿವು ಉಳಿದಿರುತ್ತದೆ. ದಣಿದವನು ಮತ್ತೆ ಬೀಳುತ್ತಾನೆ, ಈ ಸಲ ಇನ್ನೂ ಕೆಟ್ಟದಾಗಿ. ಹಗುರ ಗಾಡಿಯವನು ಅಷ್ಟೇ ಸಲ ಬಿದ್ದರೂ ಇನ್ನೊಂದು ತಾಸು ಅಭ್ಯಾಸ ಮಾಡುವಷ್ಟು ಉಸಿರು ಉಳಿಸಿಕೊಂಡಿರುತ್ತಾನೆ. ಆ ಒಂದು ತಾಸಿನಲ್ಲೇ ಕಲಿಕೆ ಇರುವುದು. ಅಂಗಡಿಯಲ್ಲಿ ಗಾಡಿ ನೋಡಲು ಹೋದಾಗ ಅದನ್ನು ಮಲಗಿಸಿ ಎತ್ತಿ ನೋಡಲು ಬಿಡುವುದಿಲ್ಲ. ಅದೇ ಮಾದರಿಯ ಗಾಡಿ ಇರುವ ಗೆಳೆಯನ ಹೊಲದಲ್ಲಿ, ಮೆತ್ತನೆ ಹುಲ್ಲಿನ ಮೇಲೆ ಮಲಗಿಸಿ ಒಬ್ಬರೇ ಎತ್ತಿ ನೋಡಿ. ಒಂದೇ ಸಲ ಅಲ್ಲ, ಮೂರ್ನಾಲ್ಕು ಸಲ. ಆಗದಿದ್ದರೆ ಆ ಗಾಡಿ ಸದ್ಯಕ್ಕೆ ನಿಮ್ಮದಲ್ಲ.

ತೂಕದ ಬೆನ್ನಿಗೇ ಎತ್ತರ ಬರುತ್ತದೆ. ಮಣ್ಣಿನ ಗಾಡಿಯ ಶಾಕ್ ಅಬ್ಸಾರ್ಬರ್ ಹೆಚ್ಚು ಆಳಕ್ಕೆ ಕುಸಿಯಬೇಕು, ಹೊಟ್ಟೆ ಕಲ್ಲಿಗೆ ತಾಗಬಾರದು. ಅದಕ್ಕೇ ಸೀಟು ಮೇಲಕ್ಕೆ ಹೋಗುತ್ತದೆ. ಸ್ಪ್ಲೆಂಡರಿನ ಸೀಟು 785 ಮಿಲಿಮೀಟರ್ ಎತ್ತರವಿದ್ದರೆ ಎಕ್ಸ್‌ಪಲ್ಸ್ 200ರದ್ದು 825, ಕೆಎಲ್ಎಕ್ಸ್ 230ರದ್ದು 880, ಪೂರ್ಣ ಪ್ರಮಾಣದ ಮೋಟೊಕ್ರಾಸ್ ಗಾಡಿಯದ್ದು 950ರ ಆಸುಪಾಸು. ಪರಿಣತರಿಗೆ ಕಾಲು ನೆಲಕ್ಕೆ ತಾಗಬೇಕಾದ ಅಗತ್ಯ ಅಷ್ಟಿಲ್ಲ. ಅವರು ಬಹುಪಾಲು ನಿಂತೇ ಓಡಿಸುತ್ತಾರೆ. ಕಲಿಯುವವರಿಗೆ ಅಗತ್ಯವಿದೆ. ಎರಡೂ ಪಾದಗಳ ಮುಂಭಾಗ ನೆಲಕ್ಕೆ ಗಟ್ಟಿಯಾಗಿ ತಾಗುವಂತಿದ್ದರೆ ಹೆದರಿಕೆ ಅರ್ಧ ಇಳಿಯುತ್ತದೆ. ಹೆದರಿದವರು ಹ್ಯಾಂಡಲ್ ಬಿಗಿಯಾಗಿ ಹಿಡಿಯುತ್ತಾರೆ, ಬಿಗಿಯಾಗಿ ಹಿಡಿದ ಹ್ಯಾಂಡಲ್ ಸಡಿಲ ಮಣ್ಣಿನಲ್ಲಿ ತಾನಾಗಿ ದಾರಿ ಹುಡುಕಿಕೊಳ್ಳಲಾರದು. ಹೆಣ್ಣುಮಕ್ಕಳಿಗೆ ಈ ಗಾಡಿಗಳು ಆಗುವುದಿಲ್ಲ ಎನ್ನುವವರು ನಿಜದಲ್ಲಿ ಎತ್ತರದ ಮಾತಾಡುತ್ತಿರುತ್ತಾರೆ. ಅದು ಅವರಿಗೇ ಗೊತ್ತಿರುವುದಿಲ್ಲ. ಬೆಂಗಳೂರಿನ ಐಶ್ವರ್ಯಾ ಪಿಸ್ಸೆ 2019ರಲ್ಲಿ ಮಹಿಳೆಯರ ಬಾಜಾ ವಿಶ್ವಕಪ್ ಗೆದ್ದರು. ಮೋಟಾರ್ ಸ್ಪೋರ್ಟ್‌ನಲ್ಲಿ ವಿಶ್ವಮಟ್ಟದ ಪ್ರಶಸ್ತಿ ಗೆದ್ದ ಮೊದಲ ಭಾರತೀಯರು ಅವರು. ನರಗುಂದದ ಹುಡುಗಿಯೊಬ್ಬಳಿಗೆ ಬೇಕಾದದ್ದು ತನ್ನ ಕಾಲಿಗೆ ಹೊಂದುವ ಗಾಡಿ. ಆ ಮಾತು ಐದೂಕಾಲಡಿಯ ಹುಡುಗನಿಗೂ ಅಷ್ಟೇ ಸಲ್ಲುತ್ತದೆ.

ಈಗ ಬಲದ ವಿಚಾರ. ಈ ಭಾಗದಲ್ಲಿ ಅದನ್ನು ಆರ್‌ಎಕ್ಸ್ 100ರ ಹೆಸರೆತ್ತದೆ ಮುಗಿಸಲಾಗದು. 1985ರಿಂದ 1996ರವರೆಗೆ ತಯಾರಾದ ಯಮಾಹಾದ ಆ ಗಾಡಿ ನಿಂತು ಇಷ್ಟು ವರ್ಷವಾದರೂ ಅದರ ಸದ್ದಿಗೆ ತಿರುಗಿ ನೋಡದ ಹುಡುಗರಿಲ್ಲ. ನೂರು ಕಿಲೋ ಆಸುಪಾಸಿನ ತೂಕ, 11 ಎಚ್‌ಪಿ. ಕಾಗದದ ಮೇಲೆ ನೋಡಿದರೆ ನಾನು ಹೇಳುವ ಹಗುರ ಗಾಡಿ ಇದೇ ಅಲ್ಲವೇ ಎಂದು ಯಾರಾದರೂ ಕೇಳಬಹುದು. ಅಲ್ಲ. ಟೂ ಸ್ಟ್ರೋಕ್ ಇಂಜಿನ್ನಿನ ಬಲ ಕೆಳಗಿನ ವೇಗದಲ್ಲಿ ಮಂದವಾಗಿದ್ದು, ಮೇಲೆ ಹೋದಂತೆ ಒಮ್ಮೆಲೇ ಬಂದು ಬೀಳುತ್ತದೆ. ಸಡಿಲ ನೆಲದಲ್ಲಿ ಹಿಂದಿನ ಗಾಲಿ ಹಿಡಿತ ಕಳೆದುಕೊಳ್ಳುವುದು ಆ ಗಳಿಗೆಯಲ್ಲೇ. ಕಲಿಯುವವರಿಗೆ ಬೇಕಾದದ್ದು ಕಿವಿ ಹಿಂಡಿದಷ್ಟೇ ಎಳೆಯುವ, ಕಡಿಮೆ ವೇಗದಲ್ಲೂ ನಿಲ್ಲದೆ ಗುಡುಗುಡು ಎಂದು ನಡೆಯುವ ಫೋರ್ ಸ್ಟ್ರೋಕ್ ಇಂಜಿನ್ನು. ಜೊತೆಗೆ, ಹಳೆಯ ಗಾಡಿ ಪ್ರಿಯರಿಂದಾಗಿ ಆರ್‌ಎಕ್ಸ್ ಬೆಲೆ ಏರಿದೆ, ಅಸಲಿ ಬಿಡಿಭಾಗ ಸಿಗುವುದು ಕಷ್ಟವಾಗಿದೆ. ಅಂಥ ಗಾಡಿಯನ್ನು ಕಲ್ಲಿನ ಮೇಲೆ ಬೀಳಿಸಿ ಕಲಿಯುವುದು ಗಾಡಿಗೂ ಅನ್ಯಾಯ.

ಇನ್ನೊಂದು ತುದಿಯಲ್ಲಿರುವುದು 250 ಸಿಸಿಯ ಪಂದ್ಯದ ಗಾಡಿ. ತೂಕ 110 ಕಿಲೋ ಒಳಗೆ, ಬಲ 40 ಎಚ್‌ಪಿ ಆಸುಪಾಸು. ಅಂದರೆ ಸ್ಪ್ಲೆಂಡರಿಗಿಂತ ಕಡಿಮೆ ತೂಕ, ಅದರ ಐದು ಪಟ್ಟು ಬಲ. ತೂಕವೊಂದನ್ನೇ ನೋಡಿ ಆರಿಸಿದರೆ ಹೀಗೂ ಮೋಸ ಹೋಗಬಹುದು. ಇದರ ನಿರ್ವಹಣೆಯ ಲೆಕ್ಕ ಕಿಲೋಮೀಟರಿನಲ್ಲಿ ಇರುವುದಿಲ್ಲ, ತಾಸಿನಲ್ಲಿರುತ್ತದೆ. ಕೆಲವೇ ತಾಸಿಗೆ ಆಯಿಲ್, ಕೆಲವು ಹತ್ತು ತಾಸಿಗೆ ಪಿಸ್ಟನ್. ಹೊಲಕ್ಕೆ ಒಯ್ಯಬೇಕಾದರೂ ಟಾಟಾ ಏಸ್ ಕರೆಸಬೇಕು. ಮಣ್ಣಿನ ರೇಸಿನಲ್ಲಿ ಕರ್ನಾಟಕಕ್ಕೆ ದೊಡ್ಡ ಹೆಸರಿದೆ. ಬೆಂಗಳೂರಿನ ಸಿ.ಎಸ್. ಸಂತೋಷ್ 2015ರಲ್ಲಿ ಡಕಾರ್ ರ್‍ಯಾಲಿಯನ್ನು ಪೂರ್ತಿಗೊಳಿಸಿದ ಮೊದಲ ಭಾರತೀಯರಾದರು, ಉಡುಪಿಯ ಕೆ.ಪಿ. ಅರವಿಂದ್ 2019ರಲ್ಲಿ ಅದೇ ರ್‍ಯಾಲಿ ಮುಗಿಸಿದರು. ಇವರ ವಿಡಿಯೋ ನೋಡಿ ಪ್ರೇರಣೆ ಪಡೆಯುವುದು ಒಳ್ಳೆಯದೇ. ಆದರೆ 2021ರಲ್ಲಿ ಸೌದಿ ಅರೇಬಿಯಾದ ಮರುಭೂಮಿಯಲ್ಲಿ ಸಂತೋಷ್ ಬಿದ್ದು, ತಲೆಗೆ ಪೆಟ್ಟಾಗಿ, ವೈದ್ಯರು ಅವರನ್ನು ದಿನಗಟ್ಟಲೆ ಕೃತಕ ಕೋಮಾದಲ್ಲಿಡಬೇಕಾಯಿತು ಎಂಬುದನ್ನೂ ಹುಡುಗರು ತಿಳಿದಿರಬೇಕು. ಅಷ್ಟು ಅನುಭವಿಗೇ ಹಾಗಾಗಬಹುದಾದ ಆಟದಲ್ಲಿ ಮೊದಲ ವರ್ಷ ಕಡಿಮೆ ಬಲದ ಗಾಡಿ ಹತ್ತುವುದರಲ್ಲಿ ಯಾವ ಅವಮಾನವೂ ಇಲ್ಲ.

ನಮ್ಮ ನೆಲ ಈ ಆಯ್ಕೆಯಲ್ಲಿ ಎಷ್ಟು ಪಾಲು ಪಡೆಯಬೇಕು ಎಂಬುದನ್ನು ಬೆಂಗಳೂರಿನಲ್ಲೋ ಪುಣೆಯಲ್ಲೋ ಕುಳಿತು ಸಲಹೆ ಕೊಡುವವರು ಹೇಳಲಾರರು. ರೋಣ, ನರಗುಂದದ ಬಹುಭಾಗ ಎರೆ. ಆ ಕರಿ ಮಣ್ಣಿನ ಜೇಡಿ ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗಿ ಬಿರಿಯುತ್ತದೆ. ಮಳೆ ಬಿದ್ದ ಎರೆಯಲ್ಲಿ ಗಾಡಿ ನುಗ್ಗಿಸಿದವರಿಗೆಲ್ಲ ಗೊತ್ತು: ಹತ್ತು ಮಾರು ಹೋಗುವಷ್ಟರಲ್ಲಿ ಮಣ್ಣು ಗಾಲಿಗೆ ಸುತ್ತಿಕೊಂಡು, ಮಡ್‌ಗಾರ್ಡಿನೊಳಗೆ ತುಂಬಿ, ಗಾಲಿ ತಿರುಗದೆ ನಿಲ್ಲುತ್ತದೆ. ಆಮೇಲೆ ಕಟ್ಟಿಗೆ ಹಿಡಿದು ಕೆದಕುತ್ತ ಕೂರಬೇಕು. ಡರ್ಟ್ ಬೈಕಿನ ಮುಂದಿನ ಮಡ್‌ಗಾರ್ಡು ಗಾಲಿಯಿಂದ ಅಷ್ಟು ಎತ್ತರದಲ್ಲಿ, ಕೊಕ್ಕಿನಂತೆ ಚಾಚಿಕೊಂಡಿರುವುದು ಅಂದಕ್ಕಾಗಿ ಅಲ್ಲ, ಈ ಮಣ್ಣಿಗಾಗಿಯೇ. ಆದ್ದರಿಂದ ರೋಣ ಕಡೆಯವರು ಗಾಡಿ ನೋಡುವಾಗ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಎಷ್ಟು ಜಾಗವಿದೆ ಎಂದು ಕೈ ಹಾಕಿ ನೋಡಲೇಬೇಕು. ಸಾಹಸಯಾತ್ರೆಯ ಗಾಡಿ ಎಂದು ಮಾರುವ ಕೆಲವಕ್ಕೆ ಗಾಲಿಗೆ ಅಂಟಿಕೊಂಡಂತೆ ಇನ್ನೊಂದು ಮಡ್‌ಗಾರ್ಡ್ ಇರುತ್ತದೆ. ಎರೆಯಲ್ಲಿ ಅದು ಮೊದಲ ಮಳೆಗೇ ಕೈಕೊಡುತ್ತದೆ. ಹಾಗೆಂದು ಎತ್ತರದ ಮಡ್‌ಗಾರ್ಡು, ದೊಡ್ಡ ಗುಬಟಿನ ಟೈರು ಇದ್ದರೆ ಹಸಿ ಎರೆ ಗೆಲ್ಲಬಹುದೆಂದು ತಿಳಿಯುವುದು ತಪ್ಪು. ಗುಬಟುಗಳ ನಡುವಿನ ಸಂದಿ ಮಣ್ಣಿನಿಂದ ತುಂಬಿಕೊಂಡ ಮೇಲೆ ಅದು ಬೋಳು ಟೈರೇ. ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ 600 ಮಿಲಿಮೀಟರ್ ಆಸುಪಾಸು; ಹದ ಬರುವವರೆಗೆ ಕಾಯಲು ದಿನಗಳಿಗೇನೂ ಬರವಿಲ್ಲ.

ಬೇಸಿಗೆಯ ಎರೆ ಬೇರೆಯೇ. ಕಡಲೆ, ಬಿಳಿಜೋಳ ಕಿತ್ತ ಮೇಲೆ ನೆಲ ಬಾಯ್ಬಿಡುತ್ತದೆ. ಬಿರುಕಿನ ಗುಂಟ ಮುಂದಿನ ಗಾಲಿ ಸಿಕ್ಕರೆ ಹ್ಯಾಂಡಲ್ ಕೈಯಿಂದ ಕಿತ್ತುಕೊಳ್ಳುತ್ತದೆ. ಇಲ್ಲಿಯೇ 21 ಇಂಚಿನ ಗಾಲಿಯ ಬೆಲೆ ಗೊತ್ತಾಗುವುದು. ಸಣ್ಣ ಗಾಲಿ ಇಳಿದು ಕೂರುವ ಜಾಗವನ್ನು ಅದು ದಾಟಿಕೊಂಡು ಹೋಗುತ್ತದೆ. ಈ ಕಾಲದ ಕರಿ ಧೂಳು ಹಿಟ್ಟಿನಷ್ಟು ನುಣುಪು. ಏರ್ ಫಿಲ್ಟರ್ ಕಟ್ಟಿಕೊಂಡು ಇಂಜಿನ್ ಉಸಿರಾಡದಂತಾಗುತ್ತದೆ. ಹಾಗಾಗಿ ಫಿಲ್ಟರ್ ತೆಗೆಯಲು ಎಷ್ಟು ಸ್ಕ್ರೂ ಬಿಚ್ಚಬೇಕು, ಮನೆಯಲ್ಲೇ ಸ್ವಚ್ಛ ಮಾಡಬಹುದೇ ಎಂಬುದು ಇಲ್ಲಿ ಸಿಸಿಗಿಂತ ದೊಡ್ಡ ಪ್ರಶ್ನೆ.

ಗಜೇಂದ್ರಗಡದ ಕಡೆ ಹೋದರೆ ಮಸಾರಿ, ಮಡ್ಡಿ, ಕಲ್ಲು. ಗಾಳಿಯಂತ್ರಗಳು ನಿಂತಿರುವ ಆ ಗುಡ್ಡಸಾಲಿನಲ್ಲಿ ನೀರು ಬೇಗ ಬಸಿಯುತ್ತದೆ, ಮಳೆ ನಿಂತ ಮರುದಿನವೇ ಓಡಿಸಬಹುದು. ಕಲಿಯಲು ಎರೆಗಿಂತ ಇದೇ ಒಳ್ಳೆಯ ನೆಲ. ಆದರೆ ಇಲ್ಲಿ ಗಾಡಿಯ ಹೊಟ್ಟೆಗೆ ಕಬ್ಬಿಣದ ತಟ್ಟೆ ಬೇಕು. ಕ್ಲಚ್ ಲಿವರಿಗೂ ಬೆರಳಿಗೂ ಕಾವಲು ಬೇಕು. ಮೆತ್ತನೆ ಮಣ್ಣಿನಲ್ಲಿ ಹಿಡಿತ ಬರಲೆಂದು ಟೈರಿನ ಗಾಳಿ ಇಳಿಸುವ ಉಪಾಯ ಕಲ್ಲಿನ ಮೇಲೆ ನಡೆಯದು. ಟ್ಯೂಬು ರಿಮ್ಮಿಗೂ ಕಲ್ಲಿಗೂ ನಡುವೆ ಸಿಕ್ಕು ಹರಿಯುತ್ತದೆ. ಒಂದೇ ಗಾಡಿಯಲ್ಲಿ ಎರಡೂ ನೆಲ ಓಡಿಸುವವರು ಜೇಬಿನಲ್ಲಿ ಗಾಳಿ ಅಳೆಯುವ ಮೀಟರು, ಬ್ಯಾಗಿನಲ್ಲಿ ಸಣ್ಣ ಪಂಪು ಇಟ್ಟುಕೊಳ್ಳುವುದು ವಾಸಿ.

ನನ್ನ ವಾದಕ್ಕೆ ಎದುರಾಗುವ ಬಲವಾದ ಮಾತು ಹಣದ್ದು. ‘ಇವತ್ತು ಸಣ್ಣದು ಕೊಂಡು ವರ್ಷಕ್ಕೆ ಬೇಜಾರಾಗಿ ಮತ್ತೆ ದೊಡ್ಡದು ಕೊಳ್ಳುವ ಬದಲು ಒಂದೇ ಸಲ ದೊಡ್ಡದು ಕೊಂಡರೆ ಉಳಿತಾಯವಲ್ಲವೇ?’ ಕಡಲೆ ಮಾರಿದ ದುಡ್ಡಿನಲ್ಲಿ ಗಾಡಿ ಕೊಳ್ಳುವ ಮನೆಯಲ್ಲಿ ಇದನ್ನು ಹಗುರವಾಗಿ ತೆಗೆದುಕೊಳ್ಳಲಾಗದು. ಆದರೆ ಈ ಲೆಕ್ಕದಲ್ಲಿ ಬೀಳುವ ಖರ್ಚು ಸೇರಿಲ್ಲ. ಮೊದಲ ವರ್ಷ ಮುರಿಯುವ ಲಿವರು, ಇಂಡಿಕೇಟರು, ಬಾಗುವ ಹ್ಯಾಂಡಲ್, ನೆಗ್ಗುವ ಟ್ಯಾಂಕು ಸಣ್ಣ ಗಾಡಿಯಲ್ಲಿ ನೂರುಗಳಲ್ಲಿ ಮುಗಿದರೆ ದೊಡ್ಡದರಲ್ಲಿ ಸಾವಿರಗಳಲ್ಲಿ ನಿಲ್ಲುತ್ತದೆ. ಹೆದರಿ ಮೂಲೆಗೆ ಸೇರಿದ ದೊಡ್ಡ ಗಾಡಿಯ ಬೆಲೆಯೂ ಅದರಲ್ಲಿ ಸೇರಿಲ್ಲ. ಅಂಥ ಗಾಡಿಗಳು ಎರಡೇ ವರ್ಷದಲ್ಲಿ ಅರ್ಧ ಬೆಲೆಗೆ ಹೋಗುವುದನ್ನು ಎಲ್ಲರೂ ಕಂಡಿದ್ದೇವೆ.

ಹೀಗಾಗಿ ನಾನು ಎರಡು ಹಂತದ ದಾರಿ ಹೇಳುತ್ತೇನೆ. ಮೊದಲ ಆರು ತಿಂಗಳು, ಅಥವಾ ಒಂದು ಹಂಗಾಮು, ಮನೆಯಲ್ಲಿರುವ ಇಲ್ಲವೇ ಸೆಕೆಂಡ್ ಹ್ಯಾಂಡಿನಲ್ಲಿ ಸಿಗುವ ನೂರು ಸಿಸಿಯ ಫೋರ್ ಸ್ಟ್ರೋಕ್ ಗಾಡಿ. ಅದಕ್ಕೆ ಗುಬಟಿನ ಟೈರು ಹಾಕಿಸಿ, ಹಿಂದಿನ ಸ್ಪ್ರಾಕೆಟ್ಟಿಗೆ ಒಂದೆರಡು ಹಲ್ಲು ಹೆಚ್ಚಿಸಿದರೆ ಮೊದಲ ಗೇರಿನಲ್ಲಿ ನಿಧಾನವಾಗಿ ಎಳೆಯುತ್ತದೆ. ಚೌಕಟ್ಟು ಕತ್ತರಿಸುವುದು, ಸೈಲೆನ್ಸರ್ ಬದಲಿಸುವುದು ಬೇಡ. ಅದು ಕಾನೂನಿಗೂ ವಿರುದ್ಧ, ಗಾಡಿಯ ಬಲಕ್ಕೂ ಕುಂದು. ಇದರ ಮೇಲೆ ಹಾರುವುದಂತೂ ಕೂಡದು. ಅದರ ಶಾಕ್ ಅಬ್ಸಾರ್ಬರ್ ಅದಕ್ಕೆ ಮಾಡಿದ್ದಲ್ಲ. ನಿಂತು ಓಡಿಸುವುದು, ನಡೆಯುವವರ ವೇಗದಲ್ಲಿ ಕಾಲು ಇಳಿಸದೆ ಸಾಗುವುದು, ಇಕ್ಕಟ್ಟಿನಲ್ಲಿ ತಿರುಗಿಸುವುದು, ಗರಸಿನ ಮೇಲೆ ಒಂದೇ ಬೆರಳಿನಿಂದ ಬ್ರೇಕು ಹಿಡಿಯುವುದು, ಇವನ್ನು ಕಲಿಯಲು ಎಂಟು ಎಚ್‌ಪಿ ಧಾರಾಳ ಸಾಕು. ಆಮೇಲೂ ಆಸೆ ಉಳಿದಿದ್ದರೆ ಎರಡನೆಯ ಹಂತದಲ್ಲಿ ನೋಂದಣಿಯಾದ ಮಣ್ಣಿನ ಗಾಡಿ. ಬಹುಪಾಲು ಜನರಿಗೆ ಅದು ಎಕ್ಸ್‌ಪಲ್ಸ್ 200, ಅದೂ ಸೆಕೆಂಡ್ ಹ್ಯಾಂಡ್. ಎತ್ತರವಿದ್ದು, ಹಣದ ಅಡ್ಡಿಯಿಲ್ಲದವರಿಗೆ ಹಗುರವಾದ ಕೆಎಲ್ಎಕ್ಸ್ 230 ನಿಜಕ್ಕೂ ಮೇಲು. ಮಣ್ಣಿನಲ್ಲಿ ಇಪ್ಪತ್ತು ಕಿಲೋ ವ್ಯತ್ಯಾಸ ದೊಡ್ಡದು. ಆದರೆ ಕಾಲು ತಾಗದಿದ್ದರೆ ಆ ಹಗುರತನ ಉಪಯೋಗಕ್ಕೆ ಬರದು. ಹಳೆಯ ಗಾಡಿ ಕೊಳ್ಳುವಾಗ ಹ್ಯಾಂಡಲ್ಲಿನ ಕುತ್ತಿಗೆ ಹತ್ತಿರ ಚೌಕಟ್ಟಿನಲ್ಲಿ ಬಿರುಕು ಅಥವಾ ವೆಲ್ಡಿಂಗ್ ಗುರುತಿದೆಯೇ, ಮುಂದಿನ ಫೋರ್ಕಿನಿಂದ ಆಯಿಲ್ ಸೋರುತ್ತದೆಯೇ, ಗಾಲಿ ಎತ್ತಿ ತಿರುಗಿಸಿದರೆ ಸೊಟ್ಟ ಓಡುತ್ತದೆಯೇ ನೋಡಬೇಕು. ಚಾಸಿ ನಂಬರ್ ಆರ್‌ಸಿಯೊಂದಿಗೆ ಹೊಂದಬೇಕು. ಫಾರಂ 29, 30ಕ್ಕೆ ಸಹಿಯಾಗಿ ಹೆಸರು ಬದಲಾಗುವವರೆಗೆ ಪೂರ್ತಿ ಹಣ ಕೊಡಬೇಡಿ.

ಎಕ್ಸ್‌ಪಲ್ಸಿನ ಪರ ಇನ್ನೊಂದು ಕಾರಣವಿದೆ, ಅದನ್ನು ಹೇಳುವವರು ಗ್ಯಾರೇಜಿನ ಮೇಸ್ತ್ರಿಗಳು. ಅಪರೂಪದ ಗಾಡಿ ತಂದು ನಿಲ್ಲಿಸಿದರೆ ಮೇಸ್ತ್ರಿ ಮೊದಲು ಕೇಳುವುದು, ‘ತಮ್ಮಾ, ಇದರ ಸಾಮಾನು ಎಲ್ಲಿ ಸಿಗತಾವು?’ ಎಂದು. ಕ್ಲಚ್ ಪ್ಲೇಟಿಗೆ ಬೆಂಗಳೂರಿನ ದಾರಿ ಕಾಯುತ್ತ ತಿಂಗಳು ನಿಂತ ಗಾಡಿಯಿಂದ ಯಾರೂ ಏನೂ ಕಲಿಯುವುದಿಲ್ಲ. ಹೀರೋ ಕಂಪನಿಯ ಸಾಮಾನು ತಾಲ್ಲೂಕು ಕೇಂದ್ರದಲ್ಲಿ ಸಿಗದಿದ್ದರೆ ಗದಗಿನಲ್ಲೋ ಹುಬ್ಬಳ್ಳಿಯಲ್ಲೋ ಸಿಗುತ್ತದೆ, ಬಸ್ಸಿನಲ್ಲಿ ಹಾಕಿಸಿದರೆ ಸಂಜೆಗೆ ಬರುತ್ತದೆ. ಎಕ್ಸ್‌ಪಲ್ಸ್ 200ರ ಇಂಜಿನ್ನಿಗೆ ನೀರಿನ ರೇಡಿಯೇಟರ್ ಇಲ್ಲ, ಅದು ಒಡೆಯುವ ಭಯವೂ ಇಲ್ಲ. ಹೊಸ 210ಕ್ಕೆ ರೇಡಿಯೇಟರ್ ಇದೆ, ಬಲವೂ ಹೆಚ್ಚು. ಅದು ಒಳ್ಳೆಯ ಗಾಡಿ, ಆದರೆ ಮೊದಲನೆಯದಲ್ಲ.

ಗಾಡಿಗೆ ಎಷ್ಟು ಹಣ ಎಂದು ನಿರ್ಧರಿಸುವ ಮೊದಲೇ ಮೈಮೇಲಿನ ರಕ್ಷಣೆಗೆ ಒಂದು ಪಾಲು ತೆಗೆದಿಡಬೇಕು. ಐಎಸ್ಐ ಗುರುತಿನ, ಗದ್ದ ಮುಚ್ಚುವ ಹೆಲ್ಮೆಟ್, ಮೀನಖಂಡದವರೆಗೆ ಬರುವ ಗಟ್ಟಿ ಬೂಟು, ಮೊಣಕಾಲಿನ ಕಾಪು, ಕೈಗವಸು. ಇವು ಇಲ್ಲದಿದ್ದರೆ ಗಾಡಿಯ ದರ್ಜೆ ಇಳಿಸಿ ಇವನ್ನು ಕೊಳ್ಳಿ. ಮಣ್ಣಿನಲ್ಲಿ ಪಾದದ ಗೆಣ್ಣು, ಮೊಣಕಾಲು ಬೇಗ ಪೆಟ್ಟು ತಿನ್ನುತ್ತವೆ. ಚಪ್ಪಲಿಯಲ್ಲಿ ಎಕ್ಸೆಲ್ ಓಡಿಸಿ ರೂಢಿಯಾದ ನಮಗೆ ಬೂಟಿನ ಮಾತು ಅತಿಯಾಗಿ ಕೇಳಿಸಬಹುದು. ಆದರೆ ಕಾಲು ಮುರಿದರೆ ಗಜೇಂದ್ರಗಡದ ಗುಡ್ಡದಿಂದ ಗದಗಿನ ಜಿಮ್ಸ್ ಆಸ್ಪತ್ರೆ ಹತ್ತಿರದಲ್ಲಿಲ್ಲ. ಒಬ್ಬರೇ ಹೋಗುವ ಅಭ್ಯಾಸವನ್ನು ಮೊದಲ ದಿನದಿಂದಲೇ ಬಿಡಬೇಕು.

ತಂದೆತಾಯಂದಿರಿಗೆ ಒಂದು ಮಾತು. ಹದಿನಾರಕ್ಕೆ ಸಿಗುವ ಲೈಸೆನ್ಸು ಗೇರಿಲ್ಲದ, 50 ಸಿಸಿ ಮೀರದ ಗಾಡಿಗೆ ಮಾತ್ರ. ಗೇರಿನ ಗಾಡಿಗೆ ಹದಿನೆಂಟು ತುಂಬಲೇಬೇಕು. 2019ರ ತಿದ್ದುಪಡಿಯಲ್ಲಿ ಸೇರಿದ ಮೋಟಾರು ವಾಹನ ಕಾಯ್ದೆಯ 199ಎ ಕಲಮಿನ ಪ್ರಕಾರ, ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ತಪ್ಪೆಸಗಿದರೆ ಪಾಲಕರಿಗೆ ಇಲ್ಲವೇ ಗಾಡಿಯ ಮಾಲೀಕರಿಗೆ ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಹನ್ನೆರಡು ತಿಂಗಳು ರದ್ದು. ಆ ಹುಡುಗನಿಗೆ ಇಪ್ಪತ್ತೈದು ತುಂಬುವವರೆಗೆ ಲೈಸೆನ್ಸ್ ಇಲ್ಲ. ಕಂತಿನಲ್ಲಿ ಗಾಡಿ ಕೊಡಿಸಿ ‘ಹೊಲದ ತನಕ ಅಷ್ಟೇ’ ಎಂದು ಕಳಿಸುವವರು ಹೊಲದ ದಾರಿಗಿಂತ ಮುಂಚೆ ಸಿಗುವ ಡಾಂಬರು ರಸ್ತೆಯನ್ನು ಮರೆತಿರುತ್ತಾರೆ. ಮಗನಿಗೆ ನಿಜವಾಗಿ ಆಸಕ್ತಿ ಇದ್ದರೆ ಅಲ್ಲಿಯವರೆಗೆ ಸೈಕಲ್ಲಿನ ಮೇಲೆ ಮಣ್ಣು, ಕಲ್ಲು, ಇಳಿಜಾರು ಕಲಿಯಲಿ. ಸಮತೋಲನ, ದೂರ ನೋಡಿ ದಾರಿ ಆರಿಸುವ ಕಣ್ಣು, ಬ್ರೇಕಿನ ಹದ, ಮೂರೂ ಅಲ್ಲಿಯೇ ಬರುತ್ತವೆ.

ಉಳಿದದ್ದು ಓಡಿಸುವುದೆಲ್ಲಿ ಎಂಬ ಪ್ರಶ್ನೆ. ಬೇರೆಯವರ ಹೊಲ ಬರಿದಾಗಿ ಕಂಡರೂ ಬಯಲಲ್ಲ. ಹರಗಿ ಬಿಟ್ಟ ಎರೆಯ ಮೇಲೆ ಗಾಲಿ ಓಡಿದ ಜಾಗ ಗಟ್ಟಿಯಾಗುತ್ತದೆ, ಒಡ್ಡು ಹತ್ತಿ ಇಳಿದ ಜಾಗದಿಂದ ಮುಂಗಾರಿನ ನೀರು ಕೊರೆದುಕೊಂಡು ಹೋಗುತ್ತದೆ. ಮಲಪ್ರಭಾ ಕಾಲುವೆಯ ಏರಿ ಸಪಾಟಾಗಿ ಉದ್ದಕ್ಕೆ ಸಾಗಿದೆ ಎಂದು ಅಲ್ಲಿ ಓಡಿಸುವುದೂ ಸರಿಯಲ್ಲ. ನೀರಿನ ಕರದ ವಿರುದ್ಧ 1980ರಲ್ಲಿ ಬಂಡೆದ್ದ ನರಗುಂದದ ರೈತರ ನೆಲ ಅದು. ಏರಿ ಕುಸಿದರೆ ಕೊನೆಯ ಹೊಲಕ್ಕೆ ನೀರು ಮುಟ್ಟುವುದಿಲ್ಲ. ನರಗುಂದದ ಕೋಟೆಯ ಗುಡ್ಡ, ಕಾಲಕಾಲೇಶ್ವರನ ಬೆಟ್ಟದ ದಾರಿ ಜನ ಕಾಲ್ನಡಿಗೆಯಲ್ಲಿ ಹತ್ತುವ ತಾಣಗಳು. ಜಿಲ್ಲೆಯ ಇನ್ನೊಂದು ತುದಿಯ ಕಪ್ಪತಗುಡ್ಡ 2019ರಿಂದ ವನ್ಯಜೀವಿ ಧಾಮ. ಅನುಮತಿಯಿಲ್ಲದೆ ಅಲ್ಲಿಗೆ ಗಾಡಿ ಒಯ್ಯುವುದು ಅಪರಾಧ.

ಹಾಗಾದರೆ ಜಾಗವೇ ಇಲ್ಲವೇ? ಇದೆ, ಕೇಳಿ ಪಡೆಯಬೇಕು. ರಸ್ತೆ ಕಾಮಗಾರಿಗೆ ಗರಸು ತೆಗೆದು ಬಿಟ್ಟ ಗುಂಡಿಗಳು ಮೂರೂ ತಾಲ್ಲೂಕುಗಳಲ್ಲಿವೆ. ಬೆಳೆಯೂ ಇಲ್ಲದ, ಗಿಡವೂ ಏಳದ ಅಂಥ ಒಂದು ಜಾಗವನ್ನು ವಾರದಲ್ಲಿ ಎರಡು ಸಂಜೆ ಕಲಿಯುವವರಿಗೆ ಬಿಟ್ಟುಕೊಡಲು ಗ್ರಾಮ ಪಂಚಾಯಿತಿಗೆ ದೊಡ್ಡ ಖರ್ಚಿಲ್ಲ. ದನಕರು ನುಗ್ಗದಂತೆ ಸುತ್ತ ಬೇಲಿ, ಆಳದ ಅಂಚಿಗೆ ಮಣ್ಣಿನ ತಡೆ, ಧೂಳು ಅಡಗಿಸಲು ಒಂದು ಟ್ಯಾಂಕರ್ ನೀರು, ಒಂದು ಪ್ರಥಮ ಚಿಕಿತ್ಸೆಯ ಪೆಟ್ಟಿಗೆ, ಸರದಿಯಂತೆ ನಿಂತು ನೋಡಿಕೊಳ್ಳುವ ಒಬ್ಬ ಹಿರಿಯ ಸವಾರ. ಅಲ್ಲಿ ಡರ್ಟ್ ಬೈಕಿನವರಷ್ಟೇ ಬರಬೇಕೆಂದಿಲ್ಲ. ಹೊಸದಾಗಿ ಲೈಸೆನ್ಸ್ ಪಡೆದ ಹುಡುಗಿಯರು, ಹೊಲದ ದಾರಿಯಲ್ಲಿ ಹಾಲು ಸಾಗಿಸುವವರು, ಬೈಕಿನಲ್ಲಿ ಊರೂರು ಸುತ್ತುವ ಆಶಾ ಕಾರ್ಯಕರ್ತೆಯರ ಮನೆಯವರು, ಯಾರಿಗೆ ಗರಸಿನ ಮೇಲೆ ಬ್ರೇಕು ಹಿಡಿಯುವುದು ತಿಳಿಯಬೇಕೋ ಅವರೆಲ್ಲ ಬರಲಿ. ಗ್ರಾಮಸಭೆಯಲ್ಲಿ ಅರ್ಜಿ ಕೊಡುವಾಗ ಇವರ ಸಹಿಯನ್ನೂ ಹಾಕಿಸಬೇಕು, ಯಾವ ಸರ್ವೆ ನಂಬರಿನ ಜಾಗ, ಎಷ್ಟು ಹೊತ್ತಿನಿಂದ ಎಷ್ಟು ಹೊತ್ತಿನವರೆಗೆ, ಜವಾಬ್ದಾರಿ ಯಾರದ್ದು ಎಂಬುದನ್ನು ಬರೆದೇ ಕೊಡಬೇಕು.